ಇಂಗ್ಲಿಷ್ ಪಾಠದ ಗಡಿಯಾರ, ನಮ್ಮ ಮನೆಯ ಹೊತ್ತು

ಇಂಗ್ಲಿಷ್ ಬೇಕೇ ಬೇಡವೇ ಎಂಬ ಚರ್ಚೆ ನಮ್ಮ ನಾಡಿನ ವೇದಿಕೆಗಳಲ್ಲಿ ಇನ್ನೂ ಮುಗಿದಿಲ್ಲ. ಹೆತ್ತವರ ಮಟ್ಟಿಗೆ ಮಾತ್ರ ಅದು ಎಂದೋ ಮುಗಿದಿದೆ. 2007ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದರು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ತೆರೆದವು. ಉರ್ದು ಶಾಲೆಯಲ್ಲಿ ಓದಿದ ತಂದೆ, ಕನ್ನಡ ಶಾಲೆಯಲ್ಲಿ ಓದಿದ ತಾಯಿ ತಮ್ಮ ಮಗುವಿಗೆ ಬಯಸುವುದು ಇಂಗ್ಲಿಷನ್ನೇ. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಇಂಗ್ಲಿಷ್ ಬೇಕು ಎಂದು ತೀರ್ಮಾನಿಸಿದ ಮೇಲೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ. ಅದನ್ನು ನಮ್ಮ ಮಕ್ಕಳಿಗೆ ಹೇಗೆ ಕಲಿಸಲಾಗುತ್ತಿದೆ?

ಈ ಪ್ರಶ್ನೆಯನ್ನು ಇಡಿಯಾಗಿ ಎತ್ತಿಕೊಂಡರೆ ಮಾತು ಎಲ್ಲೆಲ್ಲಿಗೋ ಹರಿಯುತ್ತದೆ. ಆದ್ದರಿಂದ ಒಂದೇ ಒಂದು ಪಾಠವನ್ನು ತೆಗೆದುಕೊಳ್ಳೋಣ. ಅದು ಸಮಯದ ಪಾಠ. ಶಾಲೆಯ ಪಠ್ಯಪುಸ್ತಕವಿರಲಿ, ಬಸ್ ನಿಲ್ದಾಣದಲ್ಲಿ ಸಿಗುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕವಿರಲಿ, ಸ್ಪೋಕನ್ ಇಂಗ್ಲಿಷ್ ತರಗತಿಯ ಟಿಪ್ಪಣಿಯಿರಲಿ, ಈ ಪಾಠ ಎಲ್ಲ ಕಡೆಯೂ ಇದ್ದೇ ಇರುತ್ತದೆ. ಅದರ ರೂಪವೂ ಹೆಚ್ಚುಕಡಿಮೆ ಒಂದೇ. ಮೊದಲು ಗಡಿಯಾರದ ಚಿತ್ರ. ಅದರ ಕೆಳಗೆ ‘ವಾಟ್ ಈಸ್ ದ ಟೈಮ್ ಬೈ ಯುವರ್ ವಾಚ್’ ಎಂಬ ವಾಕ್ಯ. ಆಮೇಲೆ ವಾರದ ದಿನಗಳು, ತಿಂಗಳುಗಳು. ನಂತರ ‘ಟೈಮ್ ಈಸ್ ಮನಿ’ ಎಂಬ ಸುಭಾಷಿತ. ಕೊನೆಗೆ ‘ಸಾಮಾನ್ಯ ತಪ್ಪುಗಳು’ ಎಂಬ ಪಟ್ಟಿ. ಎಡಗಡೆ ತಪ್ಪು, ಬಲಗಡೆ ಸರಿ.

ಈ ಪಾಠದಲ್ಲಿರುವ ಇಂಗ್ಲಿಷ್ ತಪ್ಪು ಎಂಬುದು ನಮ್ಮ ತಕರಾರಲ್ಲ. ಕಲಿಯಲು ಬಂದ ಮಗು ಬರಿಗೈಯಲ್ಲಿ ಬಂದಿದೆ ಎಂದು ಅದು ಭಾವಿಸುತ್ತದಲ್ಲ, ನಮ್ಮ ತಕರಾರು ಅಲ್ಲಿದೆ. ಹೊತ್ತಿನ ಬಗ್ಗೆ ಮಾತಾಡಲು ಆ ಮಗುವಿಗೆ ಈಗಾಗಲೇ ಒಂದಲ್ಲ, ಎರಡು ಭಾಷೆಗಳು ಗೊತ್ತು. ಪಾಠ ಅವೆರಡನ್ನೂ ಬಾಗಿಲ ಹೊರಗೆ ನಿಲ್ಲಿಸುತ್ತದೆ. ನಿಲ್ಲಿಸಿ, ಅವು ಒಳಕ್ಕೆ ಇಣುಕಿದಾಗಲೆಲ್ಲ ‘ತಪ್ಪು’ ಎಂದು ಗದರುತ್ತದೆ.

‘ಕಲ್’ ಎಂದರೆ ಯಾವ ದಿನ?

ಉರ್ದು ಮನೆಮಾತಿನವರು ಬಹುಕಾಲದಿಂದ ಕೇಳುತ್ತ ಬಂದಿರುವ ಗೇಲಿ ಒಂದಿದೆ. ನಿನ್ನೆಗೂ ‘ಕಲ್’, ನಾಳೆಗೂ ‘ಕಲ್’, ಇಂಥವರಿಗೆ ಹೊತ್ತಿನ ಪರಿವೆ ಎಲ್ಲಿಂದ ಬರಬೇಕು ಎಂಬುದು. 1981ರಲ್ಲಿ ಪ್ರಕಟವಾದ ಸಲ್ಮಾನ್ ರಶ್ದಿಯ ‘ಮಿಡ್‌ನೈಟ್ಸ್ ಚಿಲ್ಡ್ರನ್’ ಕಾದಂಬರಿಯ ನಿರೂಪಕನೂ ಇದೇ ಧಾಟಿಯಲ್ಲಿ ಕಿಚಾಯಿಸುತ್ತಾನೆ. ಆ ಲೇಖಕನ ಕುರಿತು ನಮಗಿರುವ ಬೇರೆ ತಕರಾರುಗಳು ಇಲ್ಲಿ ಬೇಡ. ಕಾದಂಬರಿಯ ಪಾತ್ರವೊಂದು ಹಾಸ್ಯಕ್ಕೆ ಆಡಿದ ಮಾತು ಹಾಸ್ಯವಾಗಿಯೇ ಇರಲಿ. ತರಗತಿಯಲ್ಲಿ ಅದು ತೀರ್ಪಾಗುವುದು ಮಾತ್ರ ಸರಿಯಲ್ಲ.

ವಾಸ್ತವದಲ್ಲಿ ‘ಕಲ್’ ಎಂಬ ಶಬ್ದ ಯಾರನ್ನೂ ಗೊಂದಲಕ್ಕೆ ಕೆಡವುವುದಿಲ್ಲ. ‘ಕಲ್ ಆಯಾ ಥಾ’ ಎಂದರೆ ನಿನ್ನೆ, ‘ಕಲ್ ಆಯೇಗಾ’ ಎಂದರೆ ನಾಳೆ. ದಿನವನ್ನು ಹೇಳುವ ಶಬ್ದ ಬಿಟ್ಟುಕೊಟ್ಟದ್ದನ್ನು ಕ್ರಿಯಾಪದ ಹಿಡಿದುಕೊಳ್ಳುತ್ತದೆ. ‘ಕಲ್’ ಹೇಳುವುದು ಇಂದಿನಿಂದ ಒಂದು ದಿನದ ದೂರವನ್ನು. ಆ ದೂರ ಹಿಂದಕ್ಕೋ ಮುಂದಕ್ಕೋ ಎಂಬುದನ್ನು ಕ್ರಿಯಾಪದ ಹೇಳುತ್ತದೆ. ‘ಪರ್ಸೋಂ’ ಎರಡು ದಿನದ ದೂರ, ‘ನರ್ಸೋಂ’ ಮೂರು ದಿನದ ದೂರ. ಇದು ಅಚ್ಚುಕಟ್ಟಾದ ವ್ಯವಸ್ಥೆಯೇ ಹೊರತು ಅವ್ಯವಸ್ಥೆಯಲ್ಲ.

ಈಗ ಕನ್ನಡವನ್ನು ನೋಡಿ. ಇಲ್ಲಿ ನಿನ್ನೆ ಬೇರೆ, ನಾಳೆ ಬೇರೆ. ಮೊನ್ನೆ ಬೇರೆ, ನಾಡಿದ್ದು ಬೇರೆ. ಆದರೆ ಆಡುಮಾತಿನಲ್ಲಿ ‘ದಿನಾ ಬರುತ್ತೇನೆ’ ಎನ್ನುವಾಗಲೂ ‘ನಾಳೆ ಬರುತ್ತೇನೆ’ ಎನ್ನುವಾಗಲೂ ಕ್ರಿಯಾಪದ ಒಂದೇ. ವ್ಯಾಕರಣ ಪುಸ್ತಕದ ‘ಬರುವೆನು’ ಎಂಬ ಭವಿಷ್ಯತ್ ರೂಪವನ್ನು ಬೀದಿಯಲ್ಲಿ ಬಳಸುವವರು ಯಾರು? ಅಂದರೆ ಉರ್ದುವಿನಲ್ಲಿ ದಿನದ ಶಬ್ದ ಹಂಚಿಕೆಯಾಗಿದೆ, ಕ್ರಿಯಾಪದ ಬೇರೆ ಬೇರೆಯಾಗಿದೆ. ಕನ್ನಡದಲ್ಲಿ ಕ್ರಿಯಾಪದ ಹಂಚಿಕೆಯಾಗಿದೆ, ದಿನದ ಶಬ್ದ ಬೇರೆ ಬೇರೆಯಾಗಿದೆ. ಇಂಗ್ಲಿಷ್ ಸಾಮಾನ್ಯವಾಗಿ ಎರಡನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಮಗುವಿನ ಬಳಿ ಎರಡೂ ಇವೆ. ಇಂಗ್ಲಿಷ್ ಕೇಳುವ ಅರ್ಧ ಸಾಮಗ್ರಿ ಅಮ್ಮಿಯ ಮಾತಿನಲ್ಲಿದೆ, ಇನ್ನರ್ಧ ಪಕ್ಕದ ಮನೆಯವರ ಮಾತಿನಲ್ಲಿದೆ. ಇದನ್ನು ಹೇಳಿಕೊಡಲು ಒಂದು ತರಗತಿಯ ಅವಧಿ ಸಾಕು. ಆದರೆ ಈ ಮಾತನ್ನು ಹೇಳುವ ಒಂದು ಪುಸ್ತಕವೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇಂಗ್ಲಿಷಿನಲ್ಲಿ ಕೊರತೆಗಳಿಲ್ಲವೇ? ಕನ್ನಡದ ‘ನಾಡಿದ್ದು’ ಎಂಬ ಒಂದು ಶಬ್ದಕ್ಕೆ ಅಲ್ಲಿ ‘ದ ಡೇ ಆಫ್ಟರ್ ಟುಮಾರೊ’ ಎಂದು ನಾಲ್ಕು ಶಬ್ದ ಬೇಕು. ಹಿಂದೆ ‘ಓವರ್‌ಮಾರೊ’ ಎಂಬ ಶಬ್ದವೊಂದು ಅವರಲ್ಲಿತ್ತು. ಬಳಕೆ ತಪ್ಪಿ ಹೋಯಿತು. ‘ನೆಕ್ಸ್ಟ್ ಫ್ರೈಡೇ’ ಎಂದರೆ ಬರುವ ಶುಕ್ರವಾರವೋ ಅದರ ಮುಂದಿನದೋ ಎಂಬ ಬಗ್ಗೆ ಇಂಗ್ಲಿಷ್ ಮನೆಮಾತಿನವರಲ್ಲೇ ಒಮ್ಮತವಿಲ್ಲ. ಆದರೆ ಇದಕ್ಕಾಗಿ ಇಂಗ್ಲಿಷರಿಗೆ ಹೊತ್ತಿನ ಪರಿವೆ ಇಲ್ಲ ಎಂದು ಯಾರೂ ಹೇಳುವುದಿಲ್ಲ.

ತಪ್ಪುಗಳ ಪಟ್ಟಿಯ ಹಿಂದೆ

‘ಸಾಮಾನ್ಯ ತಪ್ಪು’ಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವುದು ‘ಸಿನ್ಸ್’ ಮತ್ತು ‘ಫಾರ್’. ‘ಸಿನ್ಸ್ ಫೈವ್ ಇಯರ್ಸ್’ ಎಂದ ಅಭ್ಯರ್ಥಿಯನ್ನು ಸಂದರ್ಶನದಲ್ಲಿ ಕೂತವರು ನೋಡುವ ನೋಟವನ್ನು ನಮ್ಮ ಎಷ್ಟೋ ಯುವಕ ಯುವತಿಯರು ಎದುರಿಸಿದ್ದಾರೆ. ಈ ತಪ್ಪು ಏಕಾಗುತ್ತದೆ? ‘ಸೋಮವಾರದಿಂದ ಜ್ವರ’, ‘ಮೂರು ದಿನದಿಂದ ಜ್ವರ’ ಎಂಬಲ್ಲಿ ಕನ್ನಡಕ್ಕೆ ಒಂದೇ ‘ಇಂದ’ ಸಾಕು. ‘ಪೀರ್ ಸೇ ಬುಖಾರ್’, ‘ತೀನ್ ದಿನ್ ಸೇ ಬುಖಾರ್’ ಎಂಬಲ್ಲಿ ಉರ್ದುವಿಗೆ ಒಂದೇ ‘ಸೇ’ ಸಾಕು. ಇಂಗ್ಲಿಷ್ ಮಾತ್ರ ಆರಂಭದ ಬಿಂದುವಿಗೆ ‘ಸಿನ್ಸ್’ ಎಂದೂ ಅವಧಿಯ ಉದ್ದಕ್ಕೆ ‘ಫಾರ್’ ಎಂದೂ ಭೇದ ಮಾಡುತ್ತದೆ. ಇಲ್ಲಿ ನಮ್ಮ ಎರಡು ಭಾಷೆಗಳೂ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ಆದ್ದರಿಂದಲೇ ದೇಶದುದ್ದಕ್ಕೂ, ಪದವಿ ಪಡೆದವರೂ ಈ ತಪ್ಪು ಮಾಡುತ್ತಾರೆ. ಕಾರಣ ತಿಳಿದರೆ ಮಗು ಆ ಒಂದು ಜಾಗದಲ್ಲಿ ಎಚ್ಚರ ವಹಿಸುತ್ತದೆ. ಕಾರಣ ತಿಳಿಯದಿದ್ದರೆ ತನ್ನ ತಲೆಯೇ ದಡ್ಡ ಎಂದುಕೊಳ್ಳುತ್ತದೆ.

ಎರಡನೆಯದು ‘ಬೈ’ ಮತ್ತು ‘ಟಿಲ್’. ಉರ್ದುವಿನಲ್ಲಿ ‘ಪಾಂಚ್ ಬಜೇ ತಕ್ ರಹೂಂಗಾ’ ಎಂದರೆ ಐದರವರೆಗೆ ಇರುತ್ತೇನೆ ಎಂದು. ‘ಪಾಂಚ್ ಬಜೇ ತಕ್ ಆಜಾವೂಂಗಾ’ ಎಂದರೆ ಐದರೊಳಗೆ ಬಂದುಬಿಡುತ್ತೇನೆ ಎಂದು. ಎರಡಕ್ಕೂ ‘ತಕ್’. ಉರ್ದು ಶಾಲೆಯ ಹುಡುಗ ‘ಐ ವಿಲ್ ಕಮ್ ಟಿಲ್ ಫೈವ್’ ಎನ್ನುವುದು ಇದರಿಂದಲೇ. ಆದರೆ ಕನ್ನಡದಲ್ಲಿ ‘ತನಕ’ ಬೇರೆ, ‘ಒಳಗೆ’ ಬೇರೆ. ‘ಐದರ ತನಕ ಇರು’, ‘ಐದರೊಳಗೆ ಬಾ’. ‘ತನಕ’ ಎಂದರೆ ‘ಟಿಲ್’, ‘ಒಳಗೆ’ ಎಂದರೆ ‘ಬೈ’ ಎಂದು ಆ ಹುಡುಗನಿಗೆ ಕನ್ನಡದ ಮೂಲಕ ಹೇಳಿದರೆ ಪಾಠ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಉರ್ದು ಶಾಲೆಗಳಲ್ಲಿ ಕನ್ನಡದ ಅವಧಿಯನ್ನು ಹೊರೆ ಎಂದು ಗೊಣಗುವ ಹೆತ್ತವರು ಇದನ್ನು ಗಮನಿಸಬೇಕು. ಆ ಕನ್ನಡ ಅವರ ಮಗುವಿನ ಇಂಗ್ಲಿಷಿಗೂ ಆಧಾರವಾಗಬಲ್ಲದು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಐದು ಗಂಟೆ ನಲವತ್ತೈದು ನಿಮಿಷವನ್ನು ಕನ್ನಡ ‘ಐದೂಮುಕ್ಕಾಲು’ ಎನ್ನುತ್ತದೆ. ಕಳೆದುಹೋದ ಐದರ ಮೇಲೆ ಮುಕ್ಕಾಲು ಸೇರಿಸುವ ಕ್ರಮ ಇದು. ಇಂಗ್ಲಿಷ್ ಬರಲಿರುವ ಆರರಿಂದ ಕಾಲನ್ನು ಕಳೆದು ‘ಕ್ವಾರ್ಟರ್ ಟು ಸಿಕ್ಸ್’ ಎನ್ನುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಎಡವುತ್ತಾರೆ. ಉರ್ದುವಿನಲ್ಲಿ ಅದೇ ಹೊತ್ತು ‘ಪೌನೇ ಛೇ’. ಅದೂ ಆರರಿಂದಲೇ ಕಾಲನ್ನು ಕಳೆಯುತ್ತದೆ. ಉರ್ದು ಬಲ್ಲ ಮಗುವಿಗೆ ‘ಕ್ವಾರ್ಟರ್ ಟು’ ಹೊಸ ಲೆಕ್ಕವೇ ಅಲ್ಲ, ಹಳೆಯ ಲೆಕ್ಕಕ್ಕೆ ಹೊಸ ಹೆಸರು ಅಷ್ಟೆ. ಒಂದು ಕಡೆ ಕನ್ನಡ ಕೈಹಿಡಿಯುತ್ತದೆ, ಇನ್ನೊಂದು ಕಡೆ ಉರ್ದು ಕೈಹಿಡಿಯುತ್ತದೆ. ಎರಡನ್ನೂ ಬಲ್ಲ ಮಗುವನ್ನು ಹಿಂದುಳಿದವನೆಂದು ಕಡೆಯ ಬೆಂಚಿನಲ್ಲಿ ಕೂರಿಸುವುದು ಎಂಥ ಶಿಕ್ಷಣ?

ಅಸ್ರ್ ಆದ ಮೇಲೆ ಬಾ

ನಮ್ಮ ಮನೆಗಳಲ್ಲಿ ‘ಅಸ್ರ್ ಆದ ಮೇಲೆ ಬಾ’, ‘ಮಗ್ರಿಬ್‌ಗೆ ಮೊದಲು ಮನೆ ಸೇರು’ ಎಂದು ಹೇಳುವುದು ವಾಡಿಕೆ. ಇಂಗ್ಲಿಷ್ ಕಲಿತ ಹೊಸಬರಿಗೆ ಇದನ್ನು ಹೊರಗೆ ಆಡಲು ಸಂಕೋಚ. ಗಡಿಯಾರವಿಲ್ಲದ ಕಾಲದವರ ಮಾತು ಎಂದು ಅವರ ಭಾವನೆ. ಇಂಗ್ಲಿಷಿನ ಶಬ್ದಗಳ ಹುಟ್ಟನ್ನು ಒಂದಿಷ್ಟು ಕೆದಕಿದರೆ ಈ ಸಂಕೋಚ ನಿಲ್ಲುವುದಿಲ್ಲ.

ಇಂಗ್ಲಿಷಿನಲ್ಲಿ ನಡುಹಗಲಿಗೆ ‘ನೂನ್’ ಎನ್ನುತ್ತಾರೆ. ಇದು ಒಂಬತ್ತನೆಯ ಗಂಟೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಸೂರ್ಯೋದಯದಿಂದ ಎಣಿಸಿದ ಒಂಬತ್ತನೆಯ ಗಂಟೆ ಎಂದರೆ ಮಧ್ಯಾಹ್ನ ಮೂರರ ಆಸುಪಾಸು. ಅದು ಕ್ರೈಸ್ತ ಮಠಗಳ ಪ್ರಾರ್ಥನೆಯ ಹೊತ್ತು; ನಮ್ಮ ಅಸ್ರ್‌ಗೆ ಸಮೀಪದ ಹೊತ್ತು. ಮಧ್ಯಯುಗದಲ್ಲಿ ಆ ಶಬ್ದ ಕ್ರಮೇಣ ಸರಿಯುತ್ತ ಹನ್ನೆರಡಕ್ಕೆ ಬಂದು ನಿಂತಿತು. ‘ಕ್ಲಾಕ್’ ಎಂಬ ಶಬ್ದದ ಮೂಲಾರ್ಥ ಗಂಟೆ, ಅಂದರೆ ಬಾರಿಸುವ ಗಂಟೆ. ಕನ್ನಡದಲ್ಲೂ ಬಾರಿಸುವ ಗಂಟೆಯೇ ಹೊತ್ತಿನ ಗಂಟೆಯಾಗಿದೆ. ಉರ್ದುವಿನ ‘ಬಜೇ’ ಕೂಡ ಬಾರಿಸುವುದರಿಂದಲೇ ಬಂದದ್ದು. ಮೂರು ಭಾಷೆಯ ಜನರೂ ಹೊತ್ತನ್ನು ಮೊದಲು ಕಿವಿಯಿಂದ ತಿಳಿದವರು. ಬಾಂಗ್ ಕೇಳಿ ಹೊತ್ತು ತಿಳಿಯುವವರು ಅದೇ ಸಾಲಿಗೆ ಸೇರಿದವರು. ‘ಫೋರ್ಟ್‌ನೈಟ್’ ಎಂದರೆ ಹದಿನಾಲ್ಕು ರಾತ್ರಿಗಳು. ದಿನಗಳನ್ನು ರಾತ್ರಿಗಳಿಂದ ಎಣಿಸಿದವರ ಶಬ್ದ ಅದು. ಗುರುವಾರವನ್ನು ಉರ್ದು ‘ಜುಮೇರಾತ್’ ಎಂದು ಕರೆಯುವುದರ ಹಿಂದೆಯೂ ಜುಮಾದ ದಿನ ಹಿಂದಿನ ಸಂಜೆಯಿಂದಲೇ ಶುರುವಾಗುತ್ತದೆ ಎಂಬ ಎಣಿಕೆ ಇದೆ.

ಇಂಗ್ಲಿಷ್ ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಬರೆದ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಕಾರ್ಖಾನೆಗಳು ಬರುವುದಕ್ಕೆ ಮುಂಚೆ ಜನ ಕೆಲಸದಿಂದ ಹೊತ್ತನ್ನು ಅಳೆಯುತ್ತಿದ್ದ ಬಗೆಯನ್ನು ವಿವರಿಸಿದ್ದಾರೆ. ಮಡಗಾಸ್ಕರಿನಲ್ಲಿ ‘ಅನ್ನ ಬೇಯುವ ಹೊತ್ತು’ ಎಂದರೆ ಸುಮಾರು ಅರ್ಧ ಗಂಟೆ. ಇಂಗ್ಲೆಂಡಿನಲ್ಲೇ ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಎಂಬ ಅಳತೆ ಇತ್ತು. ನಮ್ಮಲ್ಲಿ ಎಲೆಅಡಿಕೆ ಹಾಕುವಷ್ಟು ಹೊತ್ತು ಎಂದಂತೆ. ಗಡಿಯಾರದ ಶಿಸ್ತು ಕಾರ್ಖಾನೆಯೊಂದಿಗೆ, ಕೂಲಿಯ ಲೆಕ್ಕದೊಂದಿಗೆ ಬಂತು. ಹಾಗೆಯೇ ನಾವು ಇಂದು ಏಕೈಕ ಸತ್ಯವೆಂದು ನಂಬಿರುವ ಭಾರತೀಯ ಪ್ರಮಾಣ ಕಾಲವೂ 1906ರ ಜನವರಿ 1ರಂದು ಜಾರಿಗೆ ಬಂದದ್ದು. ಮುಂಬಯಿ ಅದನ್ನು ಪೂರ್ತಿಯಾಗಿ ಒಪ್ಪಿಕೊಳ್ಳಲು 1955ರವರೆಗೆ ಹಿಡಿಯಿತು. ಮಂಗಳೂರೂ ಬೆಂಗಳೂರೂ ಬಹುತೇಕ ಒಂದೇ ಅಕ್ಷಾಂಶದಲ್ಲಿವೆ. ಗೋಡೆಯ ಗಡಿಯಾರ ಎರಡೂ ಕಡೆ ಒಂದೇ ಹೊತ್ತು ತೋರಿಸುತ್ತದೆ. ಆದರೆ ಮಂಗಳೂರಿನಲ್ಲಿ ಮಗ್ರಿಬ್ ಸುಮಾರು ಹನ್ನೊಂದು ನಿಮಿಷ ತಡ. ರಮಝಾನಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುವ ಮನೆಯ ಮಗುವಿಗೆ ಈ ಭೇದ ಗೊತ್ತು. ಸೂರ್ಯನ ಹೊತ್ತು, ಗಡಿಯಾರದ ಹೊತ್ತು ಎರಡನ್ನೂ ಹೊಂದಿಸಿ ನೋಡಲು ಕಲಿತ ಮಗು ಅದು.

ಗತವೈಭವದ ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ. ಅಲ್‌ಬಿರೂನಿ ಸುಮಾರು ಸಾವಿರ ವರ್ಷಗಳ ಹಿಂದೆಯೇ ಹೊತ್ತನ್ನು ಗಂಟೆ, ನಿಮಿಷ, ಸೆಕೆಂಡು ಮತ್ತು ಅದಕ್ಕೂ ಸಣ್ಣ ಭಾಗಗಳಲ್ಲಿ ಲೆಕ್ಕ ಹಾಕಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸ್‌ನ ದೊಡ್ಡ ಮಸೀದಿಯಲ್ಲಿ ಹೊತ್ತು ನಿರ್ಣಯಿಸುವ ಕೆಲಸಕ್ಕೆ ಇಬ್ನ್ ಅಲ್ ಶಾತಿರ್ ಎಂಬ ಖಗೋಳಶಾಸ್ತ್ರಜ್ಞರೇ ಇದ್ದರು. ಇದನ್ನೆಲ್ಲ ಭಾಷಣಗಳಲ್ಲಿ ಹೇಳಿಕೊಳ್ಳುವ ನಮ್ಮ ಸಮುದಾಯ ಮದುವೆಯ ಕಾಗದದಲ್ಲಿ ಹನ್ನೊಂದು ಗಂಟೆಗೆ ನಿಕಾಹ್ ಎಂದು ಅಚ್ಚು ಹಾಕಿಸಿ ಒಂದು ಗಂಟೆಗೆ ಸಭೆ ಸೇರಿಸುತ್ತದೆ. ಅದೇ ಜನ ಇಫ್ತಾರಿನ ಖರ್ಜೂರವನ್ನು ಕೈಯಲ್ಲಿ ಹಿಡಿದು ನಿಮಿಷದ ಮುಳ್ಳನ್ನು ನೋಡುತ್ತ ಕೂರುತ್ತಾರೆ. ಅಂದಮೇಲೆ ತಡಮಾಡುವ ಚಾಳಿಗೆ ‘ಕಲ್’ ಎಂಬ ಶಬ್ದವಾಗಲಿ ಧರ್ಮವಾಗಲಿ ಕಾರಣವಲ್ಲ. ಕಾಯುವವರ ಹೊತ್ತಿಗೆ ನಾವು ಕೊಡುವ ಬೆಲೆ ಅಷ್ಟು ಕಡಿಮೆ. ಅದನ್ನು ಸರಿಪಡಿಸಲು ಇಂಗ್ಲಿಷ್ ಬೇಕಾಗಿಲ್ಲ.

ಸಮಯವೆಂದರೆ ಹಣವೇ?

ಈಗ ಆ ಸುಭಾಷಿತಕ್ಕೆ ಬರೋಣ. ‘ಟೈಮ್ ಈಸ್ ಮನಿ’ ಎಂಬ ಮಾತನ್ನು ಪ್ರಸಿದ್ಧಗೊಳಿಸಿದವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1748ರಲ್ಲಿ ಒಬ್ಬ ಯುವ ವ್ಯಾಪಾರಿಗೆ ಬುದ್ಧಿಮಾತಾಗಿ ಅವರು ಬರೆದ ಲೇಖನದಲ್ಲಿ ಅದು ಬರುತ್ತದೆ. ದುಡಿಯದೆ ಕಳೆದ ಅರ್ಧ ದಿನವೆಂದರೆ ಕೈಬಿಟ್ಟ ಅರ್ಧ ದಿನದ ಸಂಪಾದನೆ ಎಂಬುದು ವಾದ. ಅದೇ ಲೇಖನದಲ್ಲಿ ಹಣವು ಹಣವನ್ನು ಹೆರುತ್ತದೆ ಎಂಬ ಬೋಧೆಯೂ ಇದೆ. ಈ ಎರಡು ಮಾತುಗಳನ್ನು ಜೊತೆಗಿಟ್ಟು ನೋಡಿದರೆ ಬಡ್ಡಿ ಎದುರಿಗೆ ಬಂದು ನಿಲ್ಲುತ್ತದೆ. ಬಡ್ಡಿ ಎಂದರೆ ಹೊತ್ತಿಗೆ ಕಟ್ಟಿದ ಬೆಲೆಯಲ್ಲದೆ ಇನ್ನೇನು? ಬಡ್ಡಿಯನ್ನು ನಿಷಿದ್ಧವೆಂದು ನಂಬುವ ಆಡಳಿತ ಮಂಡಳಿಗಳೇ ನಡೆಸುವ ಎಷ್ಟೋ ಶಾಲೆಗಳ ಗೋಡೆಗಳ ಮೇಲೆ ಈ ವಾಕ್ಯ ಬಣ್ಣದಲ್ಲಿ ಬರೆದಿರುತ್ತದೆ. ಬರೆಸಿದವರು ಅದರ ಅರ್ಥವನ್ನು ಯೋಚಿಸಿದ್ದಾರೆ ಎಂದು ಅನಿಸುವುದಿಲ್ಲ.

ಇದು ಒಂದು ಗಾದೆಗೆ ಮುಗಿಯುವ ಮಾತಲ್ಲ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿಕೊಟ್ಟಂತೆ, ಇಂಗ್ಲಿಷಿನಲ್ಲಿ ಹೊತ್ತಿನ ಮಾತುಗಳು ಬಹುಮಟ್ಟಿಗೆ ಹಣದ ಮಾತುಗಳೇ. ಅಲ್ಲಿ ಹೊತ್ತನ್ನು ಖರ್ಚು ಮಾಡುತ್ತಾರೆ, ಉಳಿಸುತ್ತಾರೆ, ಪೋಲು ಮಾಡುತ್ತಾರೆ, ಹೂಡುತ್ತಾರೆ, ಅದಕ್ಕೆ ಬಜೆಟ್ ಹಾಕುತ್ತಾರೆ. ಕನ್ನಡದಲ್ಲಿ ಹೊತ್ತು ಹೋಗುತ್ತದೆ, ಏರುತ್ತದೆ, ಇಳಿಯುತ್ತದೆ, ಮೀರುತ್ತದೆ, ಮುಳುಗುತ್ತದೆ. ಹೊತ್ತು ಎಂದರೆ ಸೂರ್ಯನೂ ಹೌದಷ್ಟೆ. ಉರ್ದುವಿನಲ್ಲಿ ‘ವಕ್ತ್’ ಗುಜರಾಯಿಸುತ್ತದೆ, ಅಂದರೆ ಹಾದುಹೋಗುತ್ತದೆ. ಈಗ ನಾವೂ ‘ಸಮಯ ಉಳಿಸಿ’, ‘ಸಮಯ ಹೂಡಿ’ ಎನ್ನತೊಡಗಿದ್ದೇವೆ. ಶಬ್ದಗಳ ಬೆನ್ನಿಗೆ ಲೆಕ್ಕಾಚಾರವೂ ಬಂದಿದೆ. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಅಮೆರಿಕದ ಹಗಲಿಗೆ ಹೊಂದಿಸಿ ತಮ್ಮ ರಾತ್ರಿಗಳನ್ನು ಮಾರಿದ ಹುಡುಗ ಹುಡುಗಿಯರಿಗೆ ಈ ಪಾಠದ ಅರ್ಥ ಪುಸ್ತಕವಿಲ್ಲದೆಯೇ ಆಗಿದೆ.

ಹಾಗೆಂದು ನಮ್ಮ ಪರಂಪರೆಗೆ ಲಾಭನಷ್ಟದ ಭಾಷೆ ಗೊತ್ತಿಲ್ಲ ಎನ್ನುವುದೂ ಅಪ್ರಾಮಾಣಿಕವಾದೀತು. ಕುರ್‌ಆನಿನ ‘ಅಲ್ ಅಸ್ರ್’ ಅಧ್ಯಾಯ ಕಾಲದ ಮೇಲೆ ಆಣೆಯಿಟ್ಟು ಮನುಷ್ಯ ನಷ್ಟದಲ್ಲಿದ್ದಾನೆ ಎನ್ನುತ್ತದೆ. ಮೂರೇ ವಚನಗಳ ಅಧ್ಯಾಯ ಅದು. ನಷ್ಟ ಎಂಬುದು ವ್ಯಾಪಾರದ ಶಬ್ದವೇ. ಆದರೆ ಆ ನಷ್ಟದಿಂದ ಪಾರಾಗುವವರು ಹೆಚ್ಚು ಗಳಿಸಿದವರಲ್ಲ. ವಿಶ್ವಾಸವಿರಿಸಿ ಸತ್ಕರ್ಮ ಮಾಡಿದವರು, ಪರಸ್ಪರ ಸತ್ಯವನ್ನೂ ಸಹನೆಯನ್ನೂ ಬೋಧಿಸಿದವರು. ಅಲ್ಲಿ ಹೊತ್ತು ಒಪ್ಪಿಸಿದ ಅಮಾನತು. ಲೆಕ್ಕ ಕೊಡಬೇಕು, ನಿಜ; ಆದರೆ ಲೆಕ್ಕದ ಪುಸ್ತಕವೇ ಬೇರೆ. ಇಂಗ್ಲಿಷ್ ಕಲಿಯುವ ಮಗುವಿಗೆ ‘ಟೈಮ್ ಈಸ್ ಮನಿ’ ಎಂಬುದನ್ನು ಧಾರಾಳವಾಗಿ ಕಲಿಸಿ. ಅದು ಒಂದು ನಾಡಿನ ವರ್ತಕ ಒಂದು ಕಾಲದಲ್ಲಿ ಹೇಳಿದ ಮಾತು ಎಂಬುದನ್ನೂ ಕಲಿಸಿ. ನಿಸರ್ಗ ನಿಯಮವೆಂಬಂತೆ ಕಲಿಸಬೇಡಿ.

ಎರಡು ಶಬ್ದಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಾವು ಹೇಳುವುದು ಇನ್ನೂ ಸ್ಪಷ್ಟವಾದೀತು. ಕನ್ನಡದ ಕೋರ್ಟು ಕಚೇರಿಗಳಲ್ಲಿ ‘ವಾಯಿದೆ’ ಎಂಬ ಶಬ್ದವಿದೆ. ಅರಬಿಯಿಂದ ಬಂದ ಈ ಶಬ್ದದ ಮೂಲಾರ್ಥ ಕೊಟ್ಟ ಮಾತು, ವಾಗ್ದಾನ. ಇಂಗ್ಲಿಷಿನಲ್ಲಿ ‘ಡೆಡ್‌ಲೈನ್’. 1860ರ ದಶಕದ ಅಮೆರಿಕದ ಅಂತರ್ಯುದ್ಧದ ಸೆರೆಮನೆಗಳಲ್ಲಿ, ದಾಟಿದ ಕೈದಿಯನ್ನು ಗುಂಡಿಟ್ಟು ಕೊಲ್ಲಬಹುದಾದ ಗೆರೆಗೆ ಆ ಹೆಸರಿತ್ತು. ಎರಡೂ ಇಂದು ಹೇಳುವುದು ಗಡುವನ್ನೇ. ಒಂದರಲ್ಲಿ ಮಾತು ಉಳಿಸಿಕೊಳ್ಳುವ ಹೊಣೆಯಿದೆ, ಇನ್ನೊಂದರಲ್ಲಿ ಗುಂಡಿನ ಭಯವಿದೆ. ತಾರೀಖು, ಮುದ್ದತು, ಹಂಗಾಮು ಇವೂ ಅರಬಿ-ಫಾರಸಿಯಿಂದ ಕನ್ನಡಕ್ಕೆ ಬಂದವು. ‘ಯಾವ ಇಸವಿ’ ಎಂದು ಕೇಳುವ ಕನ್ನಡಿಗ ತನಗರಿವಿಲ್ಲದೆಯೇ ಈಸಾ(ಅ) ಅವರ ಹೆಸರನ್ನು ಉರ್ದು-ಅರಬಿಯ ಉಚ್ಚಾರದಲ್ಲಿ ಹೇಳುತ್ತಾನೆ. ಭಾಷೆಗಳು ಹೊತ್ತಿನ ಶಬ್ದಗಳನ್ನು ಕೊಟ್ಟು ತೆಗೆದುಕೊಂಡು ಬದುಕಿವೆ. ನಾವು ಇಂಗ್ಲಿಷಿಗೂ ಕೊಟ್ಟಿದ್ದೇವೆ. ಮುಂದೂಡುವುದಕ್ಕೆ ‘ಪೋಸ್ಟ್‌ಪೋನ್’ ಇದ್ದರೆ ಹಿಂದಕ್ಕೆ ತರುವುದಕ್ಕೆ ‘ಪ್ರಿಪೋನ್’ ಬೇಡವೇ ಎಂದು ಭಾರತೀಯರು ಬಳಸಿದ ಶಬ್ದ ಇಂದು ಇಂಗ್ಲಿಷ್ ನಿಘಂಟುಗಳಲ್ಲಿದೆ. ‘ನನ್ನ ಟೈಮ್ ಸರಿಯಿಲ್ಲ’ ಎಂದು ಕನ್ನಡಿಗ ಹೇಳುವಾಗ ಆ ‘ಟೈಮ್’ ಇಂಗ್ಲಿಷರ ಟೈಮ್ ಅಲ್ಲ, ಅದು ನಸೀಬು.

ಪಾಠದಲ್ಲಿ ಇಲ್ಲದ್ದು

ಇಷ್ಟೆಲ್ಲ ಹೇಳಿದ ಮೇಲೆ, ಈ ಪಾಠದ ಅತಿ ದೊಡ್ಡ ಕೊರತೆಯನ್ನು ಹೇಳಬೇಕು. ಅದು ಮಗುವಿಗೆ ಗಡಿಯಾರ ನೋಡಿ ಹೊತ್ತು ಹೇಳಲು ಕಲಿಸುತ್ತದೆ. ಬದುಕಿನಲ್ಲಿ ಇಂಗ್ಲಿಷಿನ ಹೊತ್ತು ನಮ್ಮವರಿಗೆ ಎದುರಾಗುವುದು ಗಡಿಯಾರದಲ್ಲಲ್ಲ, ಕಾಗದಪತ್ರಗಳಲ್ಲಿ. ‘ಆನ್ ಆರ್ ಬಿಫೋರ್’ ಎಂದರೆ ಆ ದಿನವೂ ಸೇರಿದೆಯೇ ಇಲ್ಲವೇ? ‘ವಿದಿನ್ ಥರ್ಟಿ ಡೇಸ್’ ಎಂದರೆ ಮೂವತ್ತು ದಿನದೊಳಗೋ ಮೂವತ್ತು ದಿನದ ನಂತರವೋ? ‘ವಿತ್ ಎಫೆಕ್ಟ್ ಫ್ರಮ್’, ‘ನೋಟಿಸ್ ಪೀರಿಯಡ್’, ‘ಎಕ್ಸ್‌ಪೈರಿ’, ‘ಓವರ್‌ಡ್ಯೂ’ — ಇವುಗಳಲ್ಲಿ ಒಂದನ್ನು ತಪ್ಪಾಗಿ ಓದಿದರೂ ವಿದ್ಯಾರ್ಥಿವೇತನ ಕೈತಪ್ಪುತ್ತದೆ, ಸಾಲದ ಮೇಲೆ ದಂಡ ಬೀಳುತ್ತದೆ, ಗಲ್ಫಿಗೆ ಹೋದವನ ವೀಸಾದ ಅವಧಿ ಮೀರುತ್ತದೆ. ಕರಾವಳಿಯ, ಭಟ್ಕಳದ, ಕಲಬುರಗಿಯ ಎಷ್ಟೋ ಮನೆಗಳ ಅನ್ನ ಇಂಥ ಶಬ್ದಗಳಿರುವ ಕರಾರುಪತ್ರಗಳನ್ನು ನಂಬಿಕೊಂಡಿದೆ. ಸಹಿ ಹಾಕುವವನಿಗೆ ‘ವಾಟ್ ಈಸ್ ದ ಟೈಮ್ ಬೈ ಯುವರ್ ವಾಚ್’ ಎಂಬ ವಾಕ್ಯ ಯಾವ ಸಹಾಯಕ್ಕೂ ಬರುವುದಿಲ್ಲ.

05/06 ಎಂದು ಬರೆದದ್ದು ನಮ್ಮಲ್ಲಿ ಜೂನ್ 5, ಅಮೆರಿಕದಲ್ಲಿ ಮೇ 6. ಈ ಭೇದವನ್ನು ಯಾವ ಪಾಠ ಹೇಳುತ್ತದೆ? ಹಗಲು ರಾತ್ರಿ ಸೇರಿದ ದಿನ ಯಾವಾಗ ಶುರುವಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಪಂಚಾಂಗ ನೋಡುವ ಕನ್ನಡಿಗನ ದಿನ ಸೂರ್ಯೋದಯಕ್ಕೆ ಶುರು. ಚಾಂದ್ರಮಾನ ಹಿಜರಿ ದಿನ ಮಗ್ರಿಬ್‌ಗೆ ಶುರು. ಇಂಗ್ಲಿಷ್ ದಿನ ನಡುರಾತ್ರಿಗೆ ಶುರು. ಶುಕ್ರವಾರ 00:20ಕ್ಕೆ ಹೊರಡುವ ರೈಲಿಗೆ ಚೀಟಿ ಪಡೆದವನು ಗುರುವಾರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಜುಮೇರಾತ್ ಎಂಬ ಶಬ್ದವನ್ನು ಬಲ್ಲ ಮಗುವಿಗೆ ಇದನ್ನು ವಿವರಿಸುವುದು ಎಷ್ಟು ಸುಲಭ! ಇನ್ನು ಔಷಧಿಯ ಚೀಟಿಯಲ್ಲಿರುವ ‘ಟ್ವೈಸ್ ಡೈಲಿ’, ‘ಆಲ್ಟರ್ನೇಟ್ ಡೇಸ್’, ‘ಬಿಫೋರ್ ಫುಡ್’ ಎಂಬುವು ಉಪವಾಸ ಹಿಡಿದವರ ತಿಂಗಳಲ್ಲಿ ಇಫ್ತಾರ್ ಮತ್ತು ಸಹರಿಯ ನಡುವೆ ಹೇಗೆ ಹೊಂದಬೇಕು ಎಂದು ವೈದ್ಯರನ್ನು ಇಂಗ್ಲಿಷಿನಲ್ಲಿ ಕೇಳಲು ಬಂದರೆ, ಅದೇ ನಿಜವಾದ ಸ್ಪೋಕನ್ ಇಂಗ್ಲಿಷ್.

ಕತೆಗಾರರಿಗೆ ತಿಳಿದದ್ದು

ಕನ್ನಡದಲ್ಲಿ ಬರೆಯುವ ಮುಸ್ಲಿಮ್ ಲೇಖಕರಿಗೆ ಈ ಪ್ರಶ್ನೆ ಹಳೆಯದು. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಮೊದಲಾದವರು ಬರೆಯಲು ತೊಡಗಿದಾಗ ಮುಸ್ಲಿಮ್ ಮನೆಯ ಮಾತು ಕನ್ನಡದ ಓದುಗರಿಗೆ ಹೊಸದು. ‘ಮಗ್ರಿಬ್’ ಎಂದು ಬರೆದರೆ ಕಂಸದಲ್ಲಿ ಅರ್ಥ ಕೊಡಬೇಕೇ, ‘ಸಂಜೆ’ ಎಂದು ಬದಲಿಸಬೇಕೇ ಎಂಬುದು ಬರೆಯಲು ಕೂತ ಎಲ್ಲರಿಗೂ ಎದುರಾಗುವ ಪ್ರಶ್ನೆ. ಸಂಜೆ ಎಂದರೆ ಹೊತ್ತು ಸಿಗುತ್ತದೆ; ಆದರೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಒಳಗೆ ಕರೆಯುವ ತಾಯಿಯ ದನಿ, ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಕೈ ಸಿಗುವುದಿಲ್ಲ. ಶಬ್ದವನ್ನು ಹಾಗೆಯೇ ಇಟ್ಟಾಗ ಕನ್ನಡ ಅದನ್ನು ತನ್ನದಾಗಿಸಿಕೊಂಡಿತು.

ಬಾನು ಮುಷ್ತಾಕ್ ಅವರ ಕನ್ನಡ ಕತೆಗಳನ್ನು ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ಅದರಲ್ಲಿ ಕನ್ನಡ, ಉರ್ದು, ಅರಬಿ ಶಬ್ದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ನಮ್ಮ ಮನೆಯ ಶಬ್ದಗಳಿಗೆ ಆ ಇಂಗ್ಲಿಷ್ ಜಾಗ ಮಾಡಿಕೊಟ್ಟಿತು. ಜಗತ್ತಿನ ಓದುಗರು ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸಲಿಲ್ಲ. ಪುಸ್ತಕದಲ್ಲಿ ಆದದ್ದು ತರಗತಿಯಲ್ಲಿ ಏಕೆ ಆಗಬಾರದು?

ನಮ್ಮ ಸಂಸ್ಥೆಗಳು ವರ್ಷವರ್ಷವೂ ಇಂಗ್ಲಿಷ್ ಶಿಬಿರ ನಡೆಸುತ್ತವೆ, ಹೊರಗಿನಿಂದ ಪುಸ್ತಕ ತರಿಸುತ್ತವೆ. ಅದಕ್ಕೆ ತಗಲುವ ಖರ್ಚಿನ ಒಂದು ಪಾಲಿನಲ್ಲಿ ಉರ್ದು ಮತ್ತು ಕನ್ನಡ ಎರಡನ್ನೂ ಬಲ್ಲ ನಾಲ್ಕು ಮಂದಿ ಅಧ್ಯಾಪಕರನ್ನು ಕೂರಿಸಿ ಒಂದು ಸಣ್ಣ ಪುಸ್ತಕ ಬರೆಸಬಹುದು. ‘ತಕ್’ ಎಲ್ಲಿ ‘ಬೈ’ ಆಗುತ್ತದೆ, ಎಲ್ಲಿ ‘ಟಿಲ್’ ಆಗುತ್ತದೆ, ‘ಇಂದ’ ಎಲ್ಲಿ ‘ಸಿನ್ಸ್’, ಎಲ್ಲಿ ‘ಫಾರ್’, ಕರಾರುಪತ್ರದಲ್ಲಿ ತಾರೀಖನ್ನು ಹೇಗೆ ಓದಬೇಕು ಎಂಬುದನ್ನು ನಮ್ಮ ಮಕ್ಕಳ ಮಾತಿನಿಂದಲೇ ಆರಂಭಿಸಿ ಹೇಳುವ ಪುಸ್ತಕ ಅದಾಗಬೇಕು. ಇಂಗ್ಲಿಷ್ ಚೆನ್ನಾಗಿ ಬರಲಿ, ಇನ್ನೂ ಚೆನ್ನಾಗಿ ಬರಲಿ. ಅದನ್ನು ಕಲಿತ ಮಗು ಮನೆಗೆ ಬಂದು ‘ಅಸ್ರ್ ಆಯಿತೇ ಅಮ್ಮಿ’ ಎಂದು ಕೇಳಲು ನಾಚದಿದ್ದರೆ ಆ ಇಂಗ್ಲಿಷ್ ಸರಿಯಾಗಿ ಕಲಿಸಲ್ಪಟ್ಟಿದೆ ಎಂದು ಅರ್ಥ.